ಇಪ್ಪತ್ತನೆಯ ಸದ್ದು

ದಿಂಡಿಗಲ್ ಜಿಲ್ಲೆಯ ಪೆರುಮಾಳ್‌ಮಲೈಯಲ್ಲಿ, ಕೊಡೈಕೆನಾಲಿಗೆ ಹತ್ತುವ ದಾರಿಯಲ್ಲಿ, ಬೋಧಿ ಝೆಂಡೊ ಎಂಬ ಧ್ಯಾನಮಂದಿರವಿದೆ. 1996ರಲ್ಲಿ ಅದನ್ನು ಕಟ್ಟಿ ನಿಲ್ಲಿಸಿದ ಅಮಾ ಸಾಮಿ ಜೆಸ್ಯೂಟ್ ಪಾದ್ರಿ. ಜಪಾನಿನ ಯಮಾದ ಕೋಉನ್ ಅವರಲ್ಲಿ ಕಲಿತು ಝೆನ್ ಗುರುವಾದವರು. ಝೆನ್ ಪದ್ಧತಿಯಲ್ಲಿ ಕೂರುವವರು ಕಣ್ಣು ಪೂರ್ತಿ ಮುಚ್ಚುವುದಿಲ್ಲ. ರೆಪ್ಪೆ ಅರ್ಧ ಇಳಿದಿರುತ್ತದೆ, ನೋಟ ಮುಂದಿನ ನೆಲದ ಮೇಲೆ ಸುಮ್ಮನೆ ಬಿದ್ದಿರುತ್ತದೆ. ಧ್ಯಾನ ಎಂದೊಡನೆ ಕಣ್ಣು ಮುಚ್ಚು ಎಂದೇ ಕೇಳಿ ಬೆಳೆದ ನಮಗೆ ಇದು ಸಣ್ಣ ವ್ಯತ್ಯಾಸವಾಗಿ ಕಾಣಬಹುದು. ನನಗೆ ಹಾಗೆ ಕಾಣುವುದಿಲ್ಲ. ಧ್ಯಾನವೆಂದರೆ ಲೋಕಕ್ಕೆ ಬಾಗಿಲು ಹಾಕಿಕೊಳ್ಳುವುದೋ, ತೆರೆದಿಡುವುದೋ ಎಂಬ ಹಳೆಯ ಪ್ರಶ್ನೆ ಆ ಅರೆತೆರೆದ ಕಣ್ಣಿನಲ್ಲೇ ಇದೆ.

ವಿಜ್ಞಾನ ಈ ಪ್ರಶ್ನೆಯನ್ನು ಮುಟ್ಟಿದ್ದು ಸದ್ದಿನ ಮೂಲಕ. 1961ರಲ್ಲಿ ದೆಹಲಿಯ ಬಿ. ಕೆ. ಆನಂದ್, ಛೀನಾ ಮತ್ತು ಬಲದೇವ್ ಸಿಂಗ್ ಯೋಗಿಗಳ ತಲೆಗೆ ವಿದ್ಯುದ್ವಾರ ಅಂಟಿಸಿ ಮಿದುಳಿನ ಅಲೆಗಳನ್ನು ಬರೆದುಕೊಂಡರು. ನಾವು ಆರಾಮಾಗಿ ಕೂತಾಗ ಮಿದುಳಿನಲ್ಲಿ ಆಲ್ಫಾ ಎಂಬ ನಿಧಾನದ ಲಯ ಏಳುತ್ತದೆ, ಸೆಕೆಂಡಿಗೆ 8ರಿಂದ 13 ಅಲೆ. ಹೊರಗೆ ಏನಾದರೂ ಢಬ್ ಎಂದರೆ ಅದು ಕಡಿದುಹೋಗುತ್ತದೆ. ಧ್ಯಾನದಲ್ಲಿದ್ದ ಆ ಯೋಗಿಗಳ ಮುಂದೆ ಜೋರು ಬೆಳಕು ಹಾಯಿಸಿದರು, ಸದ್ದು ಮಾಡಿದರು, ಬಿಸಿ ಗಾಜಿನ ಕೊಳವೆ ಮುಟ್ಟಿಸಿದರು. ಆಲ್ಫಾ ಕದಲಲಿಲ್ಲ. 1966ರಲ್ಲಿ ಜಪಾನಿನ ಕಸಮತ್ಸು ಮತ್ತು ಹಿರಾಯ್ ಝೆನ್ ಸಾಧಕರ ಕಿವಿಗೆ ಒಂದೇ ಟಕ್ ಸದ್ದನ್ನು 20 ಸಲ ಕೇಳಿಸಿದರು. ಸಾಮಾನ್ಯರ ಮಿದುಳು ಮೂರು ನಾಲ್ಕು ಸಲಕ್ಕೇ ಅದನ್ನು ತಳ್ಳಿಹಾಕಿತು. ಝೆನ್ ಗುರುಗಳ ಮಿದುಳು ಮಾತ್ರ ಇಪ್ಪತ್ತನೆಯ ಟಕ್ಕಿಗೂ ಮೊದಲನೆಯದಕ್ಕೆ ಓಗೊಟ್ಟಂತೆಯೇ ಓಗೊಟ್ಟಿತು; ಎರಡು ಮೂರು ಸೆಕೆಂಡಿನಲ್ಲಿ ಮತ್ತೆ ನೆಮ್ಮದಿಗೆ ಮರಳಿತು.

ಒಬ್ಬರಿಗೆ ಸದ್ದು ತಾಕಲೇ ಇಲ್ಲ, ಇನ್ನೊಬ್ಬರಿಗೆ ಅದು ಹಳತಾಗಲೇ ಇಲ್ಲ. ಎಷ್ಟು ಚೆಂದದ ಜೋಡಿ! ಆದರೆ 1981ರಲ್ಲಿ ಬೆಕರ್ ಮತ್ತು ಶಪೀರೊ ಯೋಗ, ಝೆನ್ ಮತ್ತು ಭಾವಾತೀತ ಧ್ಯಾನದವರನ್ನು ಒಟ್ಟಿಗೆ ಪರೀಕ್ಷಿಸಿದಾಗ ಈ ವ್ಯತ್ಯಾಸ ಸಿಗಲಿಲ್ಲ. ಈ ಕ್ಷೇತ್ರದಲ್ಲಿ ಹೀಗಾಗುವುದು ಮತ್ತೆ ಮತ್ತೆ. ಎಂಟು ವಾರ ಧ್ಯಾನ ಮಾಡಿದರೆ ಮಿದುಳಿನ ಬೂದು ದ್ರವ್ಯವೇ ಹೆಚ್ಚುತ್ತದೆ ಎಂದು 2011ರಲ್ಲಿ ಬೋಸ್ಟನ್ನಿನಿಂದ ಬಂದ ಸುದ್ದಿ ಲೋಕವನ್ನೆಲ್ಲ ಸುತ್ತಿತು. 2022ರಲ್ಲಿ ವಿಸ್ಕಾನ್ಸಿನ್‌ನವರು 200ಕ್ಕೂ ಹೆಚ್ಚು ಜನರ ಮೇಲೆ ನೋಡಿದರೆ ಅಂಥ ಬೆಳವಣಿಗೆ ಕಾಣಲಿಲ್ಲ. ಅದೂ ಧ್ಯಾನದ ಪರವಾಗಿ ದಶಕಗಳಿಂದ ದುಡಿದ ರಿಚರ್ಡ್ ಡೇವಿಡ್‌ಸನ್ ಅವರ ಪ್ರಯೋಗಾಲಯದಿಂದಲೇ ಬಂದ ವರದಿ. ತಾವು ನಂಬಿದ್ದಕ್ಕೆ ಎದುರಾದದ್ದನ್ನು ಮುಚ್ಚಿಡದೆ ಅಚ್ಚು ಹಾಕಿಸುವುದೂ ಒಂದು ಸಾಧನೆಯೇ ಎಂದು ನಾನು ಭಾವಿಸುತ್ತೇನೆ.

ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇಂಥ ಪ್ರಯತ್ನ ನಡೆದಿದೆ. 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 12 ಮಂದಿ ಎಂಆರ್‌ಐ ಯಂತ್ರದೊಳಗೆ ಮಲಗಿ ಓಂಕಾರ ಹೇಳಿದರು, ಹೋಲಿಕೆಗೆಂದು ಬರೀ 'ಸ್‌ಸ್‌ಸ್' ಎಂದೂ ಹೇಳಿದರು. ಓಂಕಾರದ ಹೊತ್ತಿನಲ್ಲಿ ಭಾವನೆಗೆ ಸಂಬಂಧಪಟ್ಟ ಮಿದುಳಿನ ಭಾಗಗಳ ಚಟುವಟಿಕೆ ತಗ್ಗಿತ್ತು, 'ಸ್‌ಸ್‌ಸ್'ನಲ್ಲಿ ತಗ್ಗಿರಲಿಲ್ಲ. ಆ ಯಂತ್ರದೊಳಗೆ ಹೋಗಿಬಂದವರಿಗೆ ಗೊತ್ತು: ಕಿವಿಗೆ ಹತ್ತಿ ತುರುಕಿದರೂ ಢಣಢಣ ಬಡಿತ ತಪ್ಪದು. ಮೌನವನ್ನು ಅಳೆಯಲು ನಮಗೆ ಸಿಕ್ಕಿರುವ ದೊಡ್ಡ ಸಾಧನ ಇಷ್ಟು ಗದ್ದಲದ್ದು.

ಗದ್ದಲ ತಗ್ಗಿಸಿ ಅಳೆಯುವುದೆಂದರೆ ತಮಿಳುನಾಡಿನ ತೇನಿ ಜಿಲ್ಲೆಯ ಪೊಟ್ಟಿಪುರಂ ನೆನಪಾಗುತ್ತದೆ. ಬೋಡಿ ಬೆಟ್ಟದ ಬುಡವನ್ನು ಸುಮಾರು ಎರಡು ಕಿಲೋಮೀಟರ್ ಕೊರೆದು, ಒಳಗೆ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣವನ್ನು ಹಿಡಿಯಲು 50,000 ಟನ್ ಕಬ್ಬಿಣದ ಶೋಧಕ ಇಡುವ ಯೋಜನೆಗೆ 2015ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ನೀರು, ಕಾಡು, ಬೆಟ್ಟದ ಬಗ್ಗೆ ಊರವರು ಎತ್ತಿದ ಆತಂಕ ದೊಡ್ಡದಿತ್ತು, ಸುರಂಗ ತೋಡಲಾಗಲಿಲ್ಲ. ಶೋಧಕದ ಸುತ್ತ ಒಂದು ಕಿಲೋಮೀಟರ್ ಬಂಡೆ ಏಕೆ ಬೇಕೆಂದರೆ, ಆಕಾಶದಿಂದ ಸುರಿಯುವ ಬೇರೆ ಕಣಗಳ ಗಲಾಟೆ ಅಲ್ಲಿ ತಗ್ಗಬೇಕು. 1965ರಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ವಾತಾವರಣದ ನ್ಯೂಟ್ರಿನೊ ಸುಳಿವು ಸಿಕ್ಕಿದ್ದೂ ಹೀಗೆಯೇ. ಕಣಕ್ಕೆ ಈ ವಿಧಾನ ಸರಿ. ಮನುಷ್ಯನನ್ನೂ ಹೀಗೆ ಎಲ್ಲದರಿಂದ ಬೇರ್ಪಡಿಸಿ ಅಳೆದರೆ, ಧ್ಯಾನದಿಂದ ಏನಾಗಬೇಕಿತ್ತೋ ಅದೇ ಹೊರಗೆ ಉಳಿದುಬಿಡುತ್ತದೆ ಎಂಬುದು ನನ್ನ ಅಳುಕು.

ಅದೇ ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ, ಮನೆಯೊಳಗೆ ಇಂದಿಗೂ ಕನ್ನಡವಾಡುವ ಕಪ್ಪಿಲಿಯ ಒಕ್ಕಲಿಗರಿದ್ದಾರೆ, ದೇವರ ದನಗಳ ಹಿಂಡನ್ನು ತಲೆಮಾರುಗಳಿಂದ ಸಾಕಿಕೊಂಡು ಬಂದವರು. ದನ ಸಾಕಿದ ಯಾರನ್ನಾದರೂ ಕೇಳಿ: ಹೆದ್ದಾರಿಯ ಲಾರಿ ಸದ್ದಿಗೆ ಏಳದವರು ಕರುವಿನ ಒಂದು ಕೂಗಿಗೆ ಎದ್ದು ಕೂರುತ್ತಾರೆ. ಯಾವುದನ್ನು ಬಿಡಬೇಕು, ಯಾವುದಕ್ಕೆ ಏಳಬೇಕು ಎಂಬ ವಿವೇಕ ಅವರ ನಿದ್ದೆಯಲ್ಲೂ ಎಚ್ಚರವಾಗಿರುತ್ತದೆ.

ಅದಕ್ಕೇ ನಾನು ಹೆಚ್ಚು ಮೆಚ್ಚುವ ಪ್ರಯೋಗದಲ್ಲಿ ಸ್ಕ್ಯಾನರ್ ಇಲ್ಲ. ಬೋಸ್ಟನ್ನಿನಲ್ಲಿ ನಡೆದು 2013ರಲ್ಲಿ ಪ್ರಕಟವಾದದ್ದು. ಕಾಯುವ ಕೋಣೆಯಲ್ಲಿ ಮೂರು ಕುರ್ಚಿ. ಎರಡರಲ್ಲಿ ಸಂಶೋಧಕರ ಕಡೆಯವರು, ಮೂರನೆಯದರಲ್ಲಿ ಪರೀಕ್ಷೆಗೆ ಬಂದವರು. ಊರುಗೋಲು ಹಿಡಿದ ಹೆಂಗಸೊಬ್ಬಳು ನೋವಿನಿಂದ ಮುಖ ಕಿವುಚುತ್ತ ಬಂದು ಗೋಡೆಗೆ ಒರಗುತ್ತಾಳೆ. ಕುಳಿತ ಇಬ್ಬರು ಫೋನಿನಿಂದ ತಲೆ ಎತ್ತುವುದಿಲ್ಲ. ಎಂಟು ವಾರ ಧ್ಯಾನ ಮಾಡದವರಲ್ಲಿ ನೂರಕ್ಕೆ 16 ಮಂದಿ ಎದ್ದು ಜಾಗ ಕೊಟ್ಟರು. ಮಾಡಿದವರಲ್ಲಿ ಅರ್ಧದಷ್ಟು ಮಂದಿ ಎದ್ದರು. ಭಾಗವಹಿಸಿದವರು ಒಟ್ಟು 39 ಜನ ಮಾತ್ರ. ಇನ್ನೂ ಎಷ್ಟೋ ಕೋಣೆಗಳಲ್ಲಿ, ಎಷ್ಟೋ ಊರುಗಳಲ್ಲಿ ಇದನ್ನು ನೋಡಬೇಕಾಗಿದೆ. ತೇನಿಯ ಬಸ್ ನಿಲ್ದಾಣದಲ್ಲಿ, ನಿಮ್ಹಾನ್ಸ್‌ನ ಹೊರರೋಗಿಗಳ ಸಾಲಿನಲ್ಲಿ ಯಾರಾದರೂ ನೋಡಲಿ ಎಂದು ನನ್ನ ಆಸೆ.