ತ್ಯಾಗವೂ ಬಲಿಯೂ

1956ರ ನವೆಂಬರಿನಲ್ಲಿ ತನ್ನ ಹಳೆಯ ಟ್ರಾಮ್ ಗಾಡಿಗಳನ್ನು ಕೈಬಿಟ್ಟಿದ್ದ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರವು, ಅರ್ಧ ಶತಮಾನದ ತರುವಾಯ ಅವುಗಳನ್ನು ಹೊಸ ರೂಪದಲ್ಲಿ ಮರಳಿ ತರಲು ಸಂಕಲ್ಪಿಸಿ, ವಿಮಾನ ನಿಲ್ದಾಣದಿಂದ ನಗರಮಧ್ಯವನ್ನು ಹಾದು ಕಡಲಂಚಿನ ಲೀತ್, ನ್ಯೂಹೇವನ್‌ಗಳವರೆಗೆ ಹಳಿ ಹಾಸುವುದಾಗಿಯೂ, ಅದಕ್ಕೆ 54.5 ಕೋಟಿ ಪೌಂಡುಗಳು ಸಾಕೆಂದೂ, 2011ರಲ್ಲಿ ಜನರು ಅದರಲ್ಲಿ ಸಂಚರಿಸಬಹುದೆಂದೂ ಮಾತು ಕೊಟ್ಟಿತು. ನೆಲದಡಿಯ ನೀರಿನ, ಅನಿಲದ ಕೊಳವೆಗಳು ನಕ್ಷೆ ತೋರಿದ ಎಡೆಯಲ್ಲಿ ಇರಲಿಲ್ಲ. ಗುತ್ತಿಗೆದಾರರಿಗೂ ಕಾರ್ಯಭಾರ ಹೊತ್ತ ನಗರಸಭೆಯ ಸಂಸ್ಥೆಗೂ ವ್ಯಾಜ್ಯ ಹುಟ್ಟಿ ಕೆಲಸ ನಿಂತಿತು. ಪ್ರಧಾನ ಪೇಟೆಯಾದ ಪ್ರಿನ್ಸೆಸ್ ಬೀದಿಯಲ್ಲಿ ಒಮ್ಮೆ ಹಾಸಿದ ಹಳಿಯನ್ನೇ 2011ರಲ್ಲಿ ಮತ್ತೆ ಅಗೆದು ಸರಿಪಡಿಸಬೇಕಾಯಿತು. ಕಟ್ಟಕಡೆಗೆ 2014ರ ಮೇ 31ರಂದು ಗಾಡಿ ಹೊರಟಾಗ ವೆಚ್ಚವು 77.6 ಕೋಟಿ ಪೌಂಡುಗಳಿಗೇರಿತ್ತು. ದಾರಿಯು ನಗರಮಧ್ಯದ ಯಾರ್ಕ್ ಪ್ಲೇಸಿನಲ್ಲಿಯೇ ಮುಗಿದಿತ್ತು.

ಹಣ ಹೆಚ್ಚಾದುದನ್ನೂ ಕಾಲ ಮೀರಿದುದನ್ನೂ ಲೋಕವು ಬೇಗ ಮರೆಯುತ್ತದೆ. ಲೀತ್ ವಾಕ್ ಎಂಬ ಬೀದಿಯ ಅಂಗಡಿಕಾರರ ಅವಸ್ಥೆಯಾದರೋ ಹಾಗೆ ಮರೆಯತಕ್ಕದ್ದಲ್ಲ. ಕೊಳವೆಗಳನ್ನು ಸರಿಸುವ ಕೆಲಸಕ್ಕೆಂದು ಅವರ ಬಾಗಿಲ ಮುಂದೆ ಬೇಲಿಯೆದ್ದಿತು, ಗಿರಾಕಿಗಳು ಬೇರೆ ದಾರಿ ಹಿಡಿದರು, ತಾಳಲಾರದವರು ಅಂಗಡಿ ಮುಚ್ಚಿದರು; ಇಷ್ಟನ್ನೆಲ್ಲ ಅನುಭವಿಸಿದ ಮೇಲೆ, ಟ್ರಾಮ್ ತಮ್ಮ ಬೀದಿಗೆ ಸದ್ಯಕ್ಕೆ ಬರುವುದೇ ಇಲ್ಲವೆಂಬ ವಾರ್ತೆಯನ್ನು ಅವರು ಕೇಳಬೇಕಾಯಿತು. ಲೀತಿನವರಿಗೆ ಈ ಬಗೆಯ ಅನಾದರ ಹೊಸದಲ್ಲ: 1920ರಲ್ಲಿ ಎಡಿನ್‌ಬರೋದೊಡನೆ ಸೇರುವುದನ್ನು ಅವರು ಅಪಾರ ಬಹುಮತದಿಂದ ನಿರಾಕರಿಸಿದರೂ ವಿಲೀನವು ನಡೆದೇ ಹೋಗಿತ್ತು.

ಹೀಗೆ ನೊಂದವನಿಗೆ ಅಧಿಕಾರಸ್ಥರು ಎಲ್ಲ ದೇಶಗಳಲ್ಲಿಯೂ ಹೇಳುವ ಸಮಾಧಾನ ಒಂದೇ: ಊರಿನ ಹಿತಕ್ಕಾಗಿ, ಮುಂದೆ ಹುಟ್ಟುವವರಿಗಾಗಿ ತುಸು ಸಹಿಸಿಕೊಳ್ಳಿರಿ. ಮಾತು ಉದಾತ್ತವಾಗಿ ಕೇಳಿಸುತ್ತದೆ. ಗೀತೆಯ ಫಲತ್ಯಾಗದ ಉಪದೇಶವೂ ಇದರ ಬೆಂಬಲಕ್ಕೆ ಬರುವಂತೆ ತೋರುತ್ತದೆ. ಆದರೆ ಶ್ರೀಕೃಷ್ಣನು ಫಲದ ಆಸೆಯನ್ನು ಬಿಡೆಂದುದು ಕರ್ಮವನ್ನು ಮಾಡುವವನಿಗೆ, ಅವನದೇ ಫಲವನ್ನು ಕುರಿತು. ಒಬ್ಬನ ಫಲವನ್ನು ಇನ್ನೊಬ್ಬನು ತ್ಯಜಿಸಿ ಪುಣ್ಯವಂತನೆನಿಸಿಕೊಳ್ಳಲು ಆ ಗ್ರಂಥದಲ್ಲಿ ಎಲ್ಲಿಯೂ ಅನುಮತಿಯಿಲ್ಲ. ತನ್ನ ದಿನದ ದುಡಿಮೆಯನ್ನು ಊರಿಗಾಗಿ ಬಿಟ್ಟುಕೊಟ್ಟ ವರ್ತಕನು ತ್ಯಾಗಿ. ಅದನ್ನು ಅವನಿಂದ ಕಿತ್ತುಕೊಂಡು ಅದಕ್ಕೆ ತ್ಯಾಗವೆಂಬ ಹೆಸರಿಟ್ಟರೆ, ಅದು ಅವನ ಧರ್ಮವೂ ಆಗುವುದಿಲ್ಲ, ಕಿತ್ತುಕೊಂಡವರ ಧರ್ಮವೂ ಆಗುವುದಿಲ್ಲ.

ನಮ್ಮ ಜನಪದದ ‘ಕೆರೆಗೆ ಹಾರ’ವು ಈ ಭೇದವನ್ನು ಯಾವ ಭಾಷ್ಯಕಾರನಿಗಿಂತಲೂ ಸೂಕ್ಷ್ಮವಾಗಿ ಬಲ್ಲುದು. ಮಲ್ಲನಗೌಡನು ಕಟ್ಟಿಸಿದ ಕೆರೆಯಲ್ಲಿ ನೀರು ಬೀಳಲಿಲ್ಲ. ಕಿರಿಯ ಸೊಸೆ ಭಾಗೀರಥಿಯನ್ನು ಕೆರೆಗೆ ಕೊಡಬೇಕೆಂದು ಹಿರಿಯರು ನಿಶ್ಚಯಿಸಿದರು. ಆಕೆಗೆ ವಿಷಯ ತಿಳಿದಿತ್ತು; ತವರಿನಲ್ಲಿ ತಂದೆಗೂ ಹೇಳದ ನಿಜವನ್ನು ಗೆಳತಿಯೊಬ್ಬಳಿಗೆ ಹೇಳಿ, ಮರಳಿ ಬಂದು, ತಾನಾಗಿ ಮೆಟ್ಟಿಲಿಳಿದಳು. ಒಂದೇ ಘಟನೆಯು ಅವಳ ಕಡೆಯಿಂದ ತ್ಯಾಗವಾಗಿಯೂ ಮಾವನ ಕಡೆಯಿಂದ ಬಲಿಯಾಗಿಯೂ ನಮಗೆ ಕಾಣುತ್ತದೆ. ಕೆರೆ ತುಂಬಿದಲ್ಲಿಗೆ ಕಥೆಯನ್ನು ನಿಲ್ಲಿಸಿದ್ದರೆ ಊರಿನ ಹಿತವು ಎಲ್ಲವನ್ನೂ ಸಮರ್ಥಿಸಿತೆಂದು ಹೇಳಬಹುದಾಗಿತ್ತು; ಜನಪದ ಕವಿಯು ಹಾಗೆ ನಿಲ್ಲಿಸಲಿಲ್ಲ. ದಂಡಿಗೆ ಹೋಗಿದ್ದ ಗಂಡ ಮಾದೇವರಾಯನು ಹಿಂದಿರುಗಿ, ಯಾರೂ ತನಗೆ ಹೇಳದೆ ನಡೆಸಿದುದನ್ನು ಅರಿತು, ಅದೇ ನೀರಿಗೆ ಹಾರುತ್ತಾನೆ. ತುಂಬಿದ ಕೆರೆಯನ್ನು ಕಂಡೂ ಸಮಾಧಾನ ಹೊಂದಲೊಲ್ಲದ ಆ ಕವಿಯ ನ್ಯಾಯಬುದ್ಧಿಗೆ ನಾನು ಕೈಮುಗಿಯುತ್ತೇನೆ.

ಭಾಗೀರಥಿಗೆ ಇದ್ದ ಅರಿವಾದರೂ ಲೀತಿನ ವರ್ತಕನಿಗೆ ಇರಲಿಲ್ಲ. 2014ರಲ್ಲಿ ನೇಮಕವಾದ ಲಾರ್ಡ್ ಹಾರ್ಡಿಯವರ ವಿಚಾರಣೆಯು ಒಂಬತ್ತು ವರ್ಷಗಳ ಬಳಿಕ ವರದಿ ನೀಡಿ, ನಗರಸಭೆಯ ಸದಸ್ಯರಿಗೆ ನಿಜಸ್ಥಿತಿಯನ್ನು ತಿಳಿಸಬೇಕಾದವರೇ ಅದನ್ನು ಮರೆಮಾಡಿದರೆಂದು ಹೇಳಿತು. ಪ್ರತಿನಿಧಿಗಳಿಗೇ ತಿಳಿಯದ ಸತ್ಯವು ಪೌರನನ್ನು ಮುಟ್ಟುವುದೆಂತು? ಸುಳ್ಳು ಗಡುವನ್ನು ಕೊಟ್ಟವನು ಹಣವನ್ನು ಮಾತ್ರ ಹಾಳುಮಾಡುವುದಲ್ಲ. ನೋಯುವವನು ತನ್ನ ನೋವನ್ನು ಅರಿತು, ಒಪ್ಪಿ, ಲೋಕಸಂಗ್ರಹಕ್ಕೆ ಅರ್ಪಿಸುವ ಅವಕಾಶವನ್ನೇ ಅಪಹರಿಸುತ್ತಾನೆ. ಇದನ್ನು ನಾನು ಆಡಳಿತದ ಲೋಪವೆಂದು ಮಾತ್ರ ಎಣಿಸಲಾರೆ, ಇದು ಅಧರ್ಮ.

ನಿಜವನ್ನು ಮೊದಲೇ ಹೇಳಿದರೆ ಯಾರೂ ಒಪ್ಪರು, ಯಾವ ಮಹಾಕಾರ್ಯವೂ ನಡೆಯದು ಎಂದು ಅನುಭವಿಗಳು ಆಕ್ಷೇಪಿಸಬಹುದು. ಅದೇ ಬೀದಿಯೇ ಇದಕ್ಕೆ ಉತ್ತರ. 2019ರಲ್ಲಿ ಲೀತ್ ವಾಕನ್ನು ಮತ್ತೆ ಅಗೆಯುವಾಗ, ಹಿಂದಿನದೆಲ್ಲ ತಿಳಿದಿದ್ದ ಜನರ ಮುಂದೆ, ವರ್ತಕರಿಗೆ ನೆರವಿನ ಏರ್ಪಾಡನ್ನೂ ಮಾಡಿಕೊಂಡು ಕೆಲಸವನ್ನಾರಂಭಿಸಿದರು. ಸಾಂಕ್ರಾಮಿಕದ ಅಡ್ಡಿಯನ್ನೂ ದಾಟಿ 2023ರ ಜೂನ್ 7ರಂದು ಗಾಡಿಯು ನ್ಯೂಹೇವನ್ನನ್ನು ಮುಟ್ಟಿತು. ಬೇಸರ, ದೂರುಗಳು ಇರಲಿಲ್ಲವೆಂದಲ್ಲ. ವಂಚನೆಗೊಳಗಾದವನ ಕ್ರೋಧವೇ ಬೇರೆ, ತಿಳಿದು ಸಹಿಸುವವನ ಬೇಸರವೇ ಬೇರೆ.

ಆದರೂ ಮೊದಲ ಅಗೆತದಲ್ಲಿ ಅಂಗಡಿ ಕಳೆದುಕೊಂಡವನಿಗೆ ಈ ಗಾಡಿಯಿಂದ ಏನೂ ಸಲ್ಲಲಿಲ್ಲ. ದೇವಋಣ, ಋಷಿಋಣ, ಪಿತೃಋಣಗಳ ಜೊತೆಗೆ ಮನುಷ್ಯಋಣವೆಂಬ ನಾಲ್ಕನೆಯದನ್ನು ಶತಪಥ ಬ್ರಾಹ್ಮಣವು ಎಣಿಸುತ್ತದೆ. ಇಂದು ಲೀತಿನಲ್ಲಿ ಹಾಯಾಗಿ ಸಂಚರಿಸುವ ಪ್ರತಿಯೊಬ್ಬನೂ ಆ ನಾಲ್ಕನೆಯ ಋಣದಲ್ಲಿದ್ದಾನೆ. ಹಾರ್ಡಿ ವರದಿ ಹೊರಬಂದಾಗ ನಗರಸಭೆಯ ನಾಯಕರು ಪೌರರ, ವರ್ತಕರ ಕ್ಷಮೆ ಬೇಡಿದರು, ಅದು ಅಲ್ಪವಲ್ಲ. ಆದರೆ ಕ್ಷಮೆ ಬೇಡಿದ ಮೇಲೆ ನಷ್ಟ ತುಂಬಿಕೊಡುವುದೂ ಪ್ರಾಯಶ್ಚಿತ್ತದ ಅಂಗವೆಂದು ಧರ್ಮವನ್ನು ಬಲ್ಲ ಯಾವ ದೇಶದವನಾದರೂ ಒಪ್ಪುವನು, ಮತ್ತು ಅದನ್ನು ಪಡೆಯತಕ್ಕವರಲ್ಲಿ ಎಷ್ಟೋ ಮಂದಿ ಇನ್ನೂ ಬದುಕಿರುವರು.