ಕಾಯಕದಲ್ಲಿ ಪಂಕ್ತಿಭೇದ

ಉಣ್ಣುವ ಪಂಕ್ತಿಯಲ್ಲಿ ಒಬ್ಬನಿಗೆ ತುಪ್ಪವನ್ನೂ ಪಕ್ಕದವನಿಗೆ ಬರಿಯ ಅನ್ನವನ್ನೂ ಬಡಿಸುವುದು ಮಹಾದೋಷವೆಂಬುದನ್ನು ಗೃಹಸ್ಥರೆಲ್ಲರೂ ಬಲ್ಲರು. ದಾಸೋಹದ ಮನೆಯಲ್ಲಿ ಹಾಗೆ ನಡೆದರೆ ಬಡಿಸಿದವನೇ ತಲೆತಗ್ಗಿಸಬೇಕಾಗುವುದು. ಆದರೆ ದುಡಿಯುವ ಪಂಕ್ತಿಯಲ್ಲಿ ಇಂತಹ ಭೇದವು ನಡೆದಾಗ ಅದು ದೋಷವೆಂದು ಎಷ್ಟು ಮಂದಿಗೆ ತೋರುವುದು?

ಬೆಂಗಳೂರಿನ ಹೊರವಲಯದ ಪೀಣ್ಯದಲ್ಲಿ ಯಂತ್ರಶಾಲೆಗಳೂ, ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಕಂಪ್ಯೂಟರ್ ಕಚೇರಿಗಳೂ ಬೆಳೆದು ನಿಂತಿವೆ. ಅಲ್ಲಿ ಒಂದೇ ಯಂತ್ರದ ಬಳಿ, ಒಂದೇ ಮೇಜಿನ ಮುಂದೆ ಇಬ್ಬರು ದುಡಿಯುವುದುಂಟು. ಒಬ್ಬನು ಕಂಪನಿಯ ಖಾಯಂ ನೌಕರ. ಇನ್ನೊಬ್ಬನು ಗುತ್ತಿಗೆದಾರನ ಮೂಲಕ ಬಂದವನು. ಕೆಲಸವೊಂದೇ, ಪಾಳಿಯೊಂದೇ, ಆದರೆ ಎಷ್ಟೋ ಕಡೆ ಸಂಬಳ ಬೇರೆ, ರಜೆ ಬೇರೆ, ಕೊರಳಿನ ಗುರುತುಚೀಟಿಯ ಬಣ್ಣವೂ ಬೇರೆ.

"ಗುತ್ತಿಗೆಯವನು ಒಪ್ಪಿಕೊಂಡೇ ಬಂದಿರುವನಲ್ಲವೆ? ಇದರಲ್ಲಿ ಅಧರ್ಮವೇನು?" ಎಂದು ಕೇಳುವವರುಂಟು. ಈ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಬೇಡಿಕೆ ಏರಿಳಿಯುವ ಉದ್ಯಮವು ಎಲ್ಲರನ್ನೂ ಖಾಯಂ ಆಗಿ ಇರಿಸಿಕೊಳ್ಳಲಾರದು. ಅವಧಿಯು ಅಲ್ಪವಾಗಿರುವುದು ದೋಷವಲ್ಲ. ಅದನ್ನೇ ನೆವಮಾಡಿಕೊಂಡು ಸಮನಾದ ದುಡಿಮೆಗೆ ಕಡಿಮೆ ಕೂಲಿಯನ್ನೂ ಕಡಿಮೆ ಗೌರವವನ್ನೂ ಕೊಡುವುದು ದೋಷ. ಮನೆಯ ಒಲೆ ಉರಿಯಬೇಕೆಂಬ ಚಿಂತೆಯಲ್ಲಿ ಕೊಟ್ಟ ಒಪ್ಪಿಗೆಯು ಪೂರ್ಣ ಒಪ್ಪಿಗೆಯೆನಿಸದು.

ದೇಶದ ಕಾನೂನೂ ಇದನ್ನು ಕಂಡುಕೊಂಡಿತು. 1970ರ ಗುತ್ತಿಗೆ ಕಾರ್ಮಿಕ ಕಾಯಿದೆಯು, ಗುತ್ತಿಗೆದಾರನು ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕೆಂದು ವಿಧಿಸಿತು. ಈ ಹೊಣೆಯನ್ನು 2020ರ ಸಂಹಿತೆಯೂ ಉಳಿಸಿಕೊಂಡಿದೆ. ಖಾಯಂ ನೌಕರನಂತೆಯೇ ಕೆಲಸ ಮಾಡುವವನಿಗೆ ಅದೇ ಕೂಲಿ ಸಲ್ಲಬೇಕೆಂದು 1971ರ ಕೇಂದ್ರ ನಿಯಮಗಳು ಹೇಳಿದವು. ಆದರೂ 2020ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಕೂಲಿಯ ವಿಚಾರವಾಗಿ ಸಿಟ್ಟು ಸ್ಫೋಟಿಸಿತು. ಅಲ್ಲಿ ನಡೆದ ಹಿಂಸೆಯನ್ನು ಯಾರೂ ಸಮರ್ಥಿಸಲಾರರು. ಆದರೆ ಕೆಲವರಿಗೆ ಸರಿಯಾಗಿ, ಸಕಾಲದಲ್ಲಿ ಕೂಲಿ ಸಂದಿರಲಿಲ್ಲವೆಂದು ಕಂಪನಿಯೇ ಒಪ್ಪಿ ಕ್ಷಮೆ ಕೇಳಿತೆಂಬುದನ್ನೂ ಮರೆಯಲಾಗದು.

ಕಾನೂನು ತಲುಪದ ಎಡೆಗೆ ಶರಣರ ನಡೆಯು ತಲುಪುವುದು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕವಾಗಿದ್ದಿತು. ಒಂದು ದಿನ ಆತನು ನಿತ್ಯಕ್ಕಿಂತ ಹೆಚ್ಚು ತಂದನು. ಲಕ್ಕಮ್ಮನು ಅದಕ್ಕೆ ಹಿಗ್ಗಲಿಲ್ಲ. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ತಮ್ಮ ಪಾಲಿನದಲ್ಲದ ಅಕ್ಕಿಯಿಂದ ದಾಸೋಹವೂ ಶುದ್ಧವಾಗದೆಂಬುದು ಆ ತಾಯಿಯ ನಿಲುವು. ಸಮನಾಗಿ ದುಡಿದವನ ಕೂಲಿಯಲ್ಲಿ ಉಳಿಸಿದ ಹಣವೂ ಆ ಹೆಚ್ಚಿನ ಅಕ್ಕಿಯಂತಹುದೇ. ಅದು ಲಾಭದ ಲೆಕ್ಕದಲ್ಲಿ ಸೇರಿದರೂ ಸೇರಬಾರದ ಮನೆಯನ್ನು ಸೇರಿದುದಾಗಿದೆ.

"ಸಂಬಳವನ್ನು ಗೊತ್ತುಮಾಡುವವನು ತಾನಲ್ಲ" ಎಂದು ತಂಡದ ಮುಖ್ಯಸ್ಥನು ಹೇಳಬಹುದು. ನಿಜ. ಆದರೆ ಅವನ ಕೈಯಲ್ಲಿರುವುದೂ ಅಲ್ಪವಲ್ಲ. ಗುತ್ತಿಗೆಯವನನ್ನು ಹೆಸರು ಹಿಡಿದು ಕರೆಯುವುದು. ಹಾಜರಿಯನ್ನೂ ಹೆಚ್ಚುವರಿ ದುಡಿಮೆಯ ಗಂಟೆಗಳನ್ನೂ ತಪ್ಪದೆ ಬರೆಯಿಸುವುದು. ಕೂಲಿ ತಡವಾದರೆ ಮೇಲಿನವರಿಗೆ ಅಂದೇ ತಿಳಿಸುವುದು. ಅಪಾಯದ ಕೆಲಸವೆಲ್ಲವನ್ನೂ ಅವನ ಮೇಲೆಯೇ ಹೊರಿಸದಿರುವುದು. ಅವನು ಮಾಡಿದ ಕೆಲಸದ ಕೀರ್ತಿಯನ್ನು ಇನ್ನೊಬ್ಬನಿಗೆ ಬರೆಯದಿರುವುದು: ಇವೆಲ್ಲವೂ ಅವನಿಂದ ಸಾಧ್ಯ. ಎಲ್ಲಕ್ಕಿಂತ ಮಿಗಿಲಾಗಿ, "ಮುಂದಿನ ವರ್ಷ ಖಾಯಂ ಆಗುವುದು" ಎಂಬ ಹುಸಿ ಆಸೆಯನ್ನು ತೋರಿಸಿ ದುಡಿಸದಿರುವುದು. ಆ ಮಾತನ್ನು ನಂಬಿ ಸಾಲ ಮಾಡುವ, ಮಕ್ಕಳನ್ನು ಶಾಲೆಗೆ ಸೇರಿಸುವ ಸಂಸಾರವೊಂದು ಅವನ ಹಿಂದೆ ಇರುವುದು.

ಖಾಯಂ ನೌಕರನೂ ಇದರಿಂದ ಹೊರತಲ್ಲ. ಊಟದ ವೇಳೆಯಲ್ಲಿ ಗುತ್ತಿಗೆಯವನು ದೂರದ ಮೇಜನ್ನು ಹುಡುಕುವಂತಾದರೆ ಆ ಪಂಕ್ತಿಭೇದದಲ್ಲಿ ಅವನಿಗೂ ಪಾಲುಂಟು.

ಬೆಳಗಿನ ಲಿಂಗಪೂಜೆಯನ್ನು ಮುಗಿಸಿ ಭಕ್ತನು ಕಾರ್ಖಾನೆಗೆ ಹೊರಡುವನು. ಆ ಪೂಜೆಯು ಕಾರ್ಖಾನೆಯ ಬಾಗಿಲಲ್ಲಿ ನಿಂತುಬಿಡಬಾರದು. ಸಂಜೆ ಮನೆಗೆ ಮರಳುವಾಗ ತನ್ನ ಚೀಲದಲ್ಲಿ ಇನ್ನೊಬ್ಬನ ಅಕ್ಕಿ ಬಂದಿದೆಯೇ ಎಂದು ಅವನು ಒಮ್ಮೆ ನೋಡಿಕೊಳ್ಳಲಿ.