ದೂರು ಮತ್ತು ದೂರುದಾರ: ಒಂದು ಮೀಮಾಂಸೆ

ವಿಷಯ ಇದು: ಭ್ರಷ್ಟಾಚಾರದ ವಿರುದ್ಧ ಹೋರಾಡುವ ನಾಗರಿಕ ಸಂಘಟನೆಗಳನ್ನು ಜನ ಯಾವ ಅಳತೆಗೋಲಿನಿಂದ ಅಳೆಯಬೇಕು?

ಸಂಶಯಕ್ಕೆ ಕಾರಣವಿದೆ. 2011ರಲ್ಲಿ ಅಣ್ಣಾ ಹಜಾರೆ ಉಪವಾಸ ಕೂತಾಗ ಬೆಂಗಳೂರಿನ ಫ್ರೀಡಂ ಪಾರ್ಕ್ ತುಂಬಿತ್ತು. 2016ರಲ್ಲಿ ರಾಜ್ಯ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳ (ಎಸಿಬಿ) ರಚಿಸಿ ಲೋಕಾಯುಕ್ತದ ಹಲ್ಲು ಕಿತ್ತಾಗ ಅಂಥ ಜನಸಾಗರ ಕಾಣಲಿಲ್ಲ. ಬೆಂಗಳೂರು ವಕೀಲರ ಸಂಘ, ಧಾರವಾಡದ ಸಮಾಜ ಪರಿವರ್ತನ ಸಮುದಾಯ ಮೊದಲಾದವರ ಅರ್ಜಿಗಳ ಮೇಲೆ ಹೈಕೋರ್ಟು ಎಸಿಬಿಯನ್ನು ರದ್ದು ಮಾಡಿದ್ದು 2022ರ ಆಗಸ್ಟ್ 11ರಂದು. ನಾಯಕನ ಮುಖ ನೋಡಿ ಸೇರುವ ನಾವು ಆ ಮುಖದ ಮೇಲಿನ ನಂಬಿಕೆ ಹೋದೊಡನೆ ಚದುರಿಬಿಡುತ್ತೇವೆ.

ಇದು ತಪ್ಪು ಅಳತೆ. ಸಂಘಟನೆಯನ್ನು ಅಳೆಯಬೇಕಾದ್ದು ಅದು ಮುಂದಿಡುವ ದಾಖಲೆಯಿಂದ, ಯಾರು ಬೇಕಾದರೂ ಒರೆಹಚ್ಚಿ ನೋಡಬಹುದಾದ ದಾಖಲೆಯಿಂದ. ಇದು ನನ್ನ ಸಿದ್ಧಾಂತ.

ಮೊದಲ ಆಕ್ಷೇಪ: ಇವರನ್ನು ಆರಿಸಿದವರು ಯಾರು? ಯಾರೂ ಇಲ್ಲ, ಅದಕ್ಕೇ ಅವರ ಕೈಯಲ್ಲಿ ಅಧಿಕಾರವೂ ಇಲ್ಲ. ಬಳ್ಳಾರಿಯ ಅಕ್ರಮ ಗಣಿಗಾರಿಕೆಯ ಬಗ್ಗೆ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಸುಪ್ರೀಂ ಕೋರ್ಟಿಗೆ ಒಯ್ದದ್ದು ಒಂದು ಅರ್ಜಿ, ಅಷ್ಟೇ. ಗುತ್ತಿಗೆಗಳ ಗಡಿ ಅಳೆದದ್ದು ಕೋರ್ಟು ನೇಮಿಸಿದ ಜಂಟಿ ತಂಡ. ಬೊಕ್ಕಸಕ್ಕೆ 16,085 ಕೋಟಿ ರೂಪಾಯಿ ನಷ್ಟವಾಗಿದೆ ಎಂದು 2011ರ ಜುಲೈನಲ್ಲಿ ವರದಿ ಕೊಟ್ಟವರು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ ಹೆಗ್ಡೆ. ಗಡಿ ಮೀರಿ ಅಗೆದದ್ದು ಗುತ್ತಿಗೆ ಪ್ರದೇಶದ ಶೇ. 10 ದಾಟಿದ ಗಣಿಗಳು ‘ಸಿ’ ವರ್ಗಕ್ಕೆ ಸೇರಿದವು. 2013ರ ಏಪ್ರಿಲ್ 18ರಂದು ಆ ಗುತ್ತಿಗೆಗಳನ್ನು ರದ್ದು ಮಾಡಿದ್ದು ಕೋರ್ಟು. ಅರ್ಜಿದಾರರ ಮಾತನ್ನು ಯಾರೂ ಕಣ್ಣುಮುಚ್ಚಿ ನಂಬಬೇಕಾಗಿ ಬರಲಿಲ್ಲ.

ಎರಡನೆಯದು: ಇವರಿಗೆ ಹಣ ಎಲ್ಲಿಂದ ಬರುತ್ತದೆ? ಕೇಳಲೇಬೇಕಾದ ಪ್ರಶ್ನೆ. ಲೆಕ್ಕ ತೋರಿಸದ ಸಂಘಟನೆಗೆ ಲೆಕ್ಕ ಕೇಳುವ ನೈತಿಕ ಬಲವಿಲ್ಲ. ಆದರೆ ಹಣದ ಮೂಲ ಸಂಶಯಾಸ್ಪದವಾದ ಮಾತ್ರಕ್ಕೆ ದಾಖಲೆ ಸುಳ್ಳಾಗದು. ಎರಡನ್ನೂ ಬೇರೆಬೇರೆಯಾಗಿ ಪರಿಶೀಲಿಸಬೇಕು. ರಾಜಕೀಯ ಪಕ್ಷಗಳಿಗೆ ಇದೇ ಪ್ರಶ್ನೆ ಕೇಳಿದ್ದೂ ಇಂಥ ಅರ್ಜಿದಾರರೇ. 2024ರ ಫೆಬ್ರುವರಿಯಲ್ಲಿ ಚುನಾವಣಾ ಬಾಂಡ್ ಯೋಜನೆ ಬಿದ್ದದ್ದು ಹಾಗೆ.

ಹೋರಾಟಗಾರರು ಕೊನೆಗೆ ಪಕ್ಷ ಕಟ್ಟುತ್ತಾರೆ ಎಂಬ ಆಕ್ಷೇಪಕ್ಕೆ ಹೆಚ್ಚು ಹೇಳಬೇಕಿಲ್ಲ. ಕಟ್ಟಲಿ, ಆಗ ಮತದಾರ ನೋಡಿಕೊಳ್ಳುತ್ತಾನೆ.

ನನ್ನನ್ನು ನಿಜವಾಗಿ ಕಾಡುವುದು ನಾಲ್ಕನೆಯ ಆಕ್ಷೇಪ: ಹೋರಾಟದ ಬೆಲೆ ತೆರುವವರು ಬಡವರು. 2011ರಲ್ಲಿ ಕೋರ್ಟಿನ ಆದೇಶದಿಂದ ಬಳ್ಳಾರಿಯ ಗಣಿ ನಿಂತಾಗ ಮೊದಲು ಒಲೆ ಆರಿದ್ದು ಕೊಳ್ಳೆ ಹೊಡೆದವರ ಮನೆಯಲ್ಲಲ್ಲ. ಸಾಲ ಮಾಡಿ ಲಾರಿ ಕೊಂಡವನು ಕಂತು ಕಟ್ಟಲಾಗದೆ ಕೂತ. ಚಾಲಕ, ಕ್ಲೀನರ್, ರಸ್ತೆಬದಿಯ ಹೋಟೆಲಿನವ ಎಲ್ಲರೂ ಬರಿಗೈಯಾದರು. ‘ಧಾರವಾಡದವರಿಗೆ ನಮ್ಮ ಹೊಟ್ಟೆಯ ಚಿಂತೆ ಏಕೆ’ ಎಂದು ಸಂಡೂರಿನ ಕೂಲಿಕಾರನೊಬ್ಬ ಕೇಳಿದರೆ ಅದನ್ನು ಗಣಿಧಣಿಗಳ ಪಿತೂರಿ ಎಂದು ತಳ್ಳಿಹಾಕುವುದು ಅನ್ಯಾಯ. ಹಾಗೆಂದು ಗಣಿ ಹಾಗೇ ನಡೆದಿದ್ದರೆ ಅವನು ಉಳಿಯುತ್ತಿದ್ದನೇ? ಅದಿರು ಹೋಗುತ್ತಿದ್ದ ವೇಗಕ್ಕೆ ಅವನ ಮಕ್ಕಳ ಪಾಲಿಗೆ ಕೆಂಪು ದೂಳು ಮಾತ್ರ ಉಳಿಯುತ್ತಿತ್ತು. ಕೋರ್ಟು ವಾರ್ಷಿಕ ಉತ್ಪಾದನೆಗೆ ಮಿತಿ ಹಾಕಿ, ಅದಿರನ್ನು ಇ-ಹರಾಜಿಗೆ ತಂದು ಗಣಿಗಾರಿಕೆಯನ್ನು ಮತ್ತೆ ತೆರೆಯಿತು. ಆದರೂ ಒಂದು ಕೊರತೆ ಉಳಿಯಿತು: ಅರ್ಜಿದಾರರು ಕೂಲಿಯವರ ಜತೆ ಕೂತು ಪರ್ಯಾಯ ದುಡಿಮೆಯ ಬೇಡಿಕೆಯನ್ನೂ ಅದೇ ಅರ್ಜಿಯಷ್ಟು ಗಟ್ಟಿಯಾಗಿ ಎತ್ತಬೇಕಿತ್ತು. ದಾಖಲೆ ಎಷ್ಟೇ ಸರಿಯಿರಲಿ, ಹೋರಾಟದಲ್ಲಿ ನಷ್ಟಪಟ್ಟವರು ಅದರೊಳಗಿಲ್ಲದಿದ್ದರೆ ಜನ ದೂರವೇ ನಿಲ್ಲುತ್ತಾರೆ.

ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಈ ಕೊರತೆಯನ್ನು ತುಂಬಿಕೊಂಡದ್ದು ಹೇಗೆಂಬುದನ್ನು ನೋಡಬೇಕು. 1994ರಲ್ಲಿ ಕೋಟ್‌ಕಿರಾನಾದಲ್ಲಿ ನಡೆದ ಮೊದಲ ಜನಸುನವಾಯಿಯಲ್ಲಿ (ಸಾರ್ವಜನಿಕ ವಿಚಾರಣೆಯಲ್ಲಿ) ಕಾಮಗಾರಿಯ ದಾಖಲೆಗಳನ್ನು ಊರವರ ಎದುರೇ ಓದಿದರು. ಲೆಕ್ಕ ಸರಿಯೋ ತಪ್ಪೋ ಎಂದು ಹೇಳಬೇಕಾದವರು ದುಡಿದವರೇ ಆಗಿದ್ದರು. 2005ರ ಮಾಹಿತಿ ಹಕ್ಕು ಕಾಯ್ದೆಯ ಬೇರು ಅಲ್ಲಿದೆ. ಅಲ್ಲಿ ಯಾರೂ ಪ್ರೇಕ್ಷಕರಾಗಿರಲಿಲ್ಲ, ಹಾಗಾಗಿ ನಾಯಕರ ಮೇಲಿನ ಭ್ರಮೆಗೂ ಜಾಗವಿರಲಿಲ್ಲ.

ಓದುಗರಲ್ಲಿ ನನ್ನ ಬಿನ್ನಹ ಇಷ್ಟೇ: ಮುಂದಿನ ಗ್ರಾಮಸಭೆಗೆ ಅಥವಾ ವಾರ್ಡ್ ಸಭೆಗೆ ಹೋಗಿ, ನಿಮ್ಮ ಬೀದಿಯ ಕಾಮಗಾರಿಯ ಬಿಲ್ಲನ್ನು ಎಲ್ಲರೆದುರು ಓದಿಸಿ. ನಿಮ್ಮ ಊರಿನ ಸಂಘಟನೆಯ ಲೆಕ್ಕಪುಸ್ತಕವನ್ನೂ ಅದೇ ಸಭೆಯಲ್ಲಿ ಕೇಳಿ.